ಯಮಹಾ ಡಿಎಕ್ಸ್7: ಬೆರಳಿನ ಪೆಟ್ಟಿಗೆ ಬಣ್ಣ ಬದಲಿಸುವ ಯಂತ್ರ

ಯಮಹಾ ಕಂಪನಿಯ ಸಿಂಥಸೈಜರ್, ಅಂದರೆ ವಿದ್ಯುನ್ಮಾನವಾಗಿ ಸದ್ದು ಹುಟ್ಟಿಸುವ ಕೀಬೋರ್ಡ್, ಡಿಎಕ್ಸ್7ರ ಹೆಸರು ಹೇಳಿದರೆ ಸಾಕು, ಗಾಜಿಗೆ ಚಮಚ ತಾಗಿದಂಥ ಒಂದು ಎಲೆಕ್ಟ್ರಿಕ್ ಪಿಯಾನೊ ಕಿವಿಯಲ್ಲಿ ಮೊಳಗುತ್ತದೆ. 1980ರ ದಶಕದ ನಿಧಾನಗತಿಯ ಹಾಡುಗಳ ತುಂಬ ಅದೇ ಸದ್ದು. ಈಗ ಅದರ ನಕಲು ಯಾವ ಸಾಧಾರಣ ಕೀಬೋರ್ಡಿನಲ್ಲೂ ಗುಂಡಿ ಒತ್ತಿದರೆ ಸಿಗುತ್ತದೆ. ಹಾಗಿದ್ದೂ 14 ಕಿಲೋ ಭಾರದ, ನಾಲ್ಕು ದಶಕ ಹಳೆಯ ಈ ಯಂತ್ರವನ್ನು ಹುಡುಕಿ ಕೊಳ್ಳುವವರಿದ್ದಾರೆ, ಮತ್ತು ಅವರ ಲೆಕ್ಕ ಸರಿಯಾಗಿಯೇ ಇದೆ. ಕೀಲಿಯನ್ನು ಮೆಲ್ಲಗೆ ಒತ್ತಿದರೆ ದುಂಡನೆಯ ನಾದ, ಹೊಡೆದರೆ ಲೋಹದ ಕಿಣಿಕಿಣಿ, ನಡುವಿನ ಒಂದೊಂದು ಹಂತಕ್ಕೂ ಬೇರೆ ಬಣ್ಣ. ಮೂರೋ ನಾಲ್ಕೋ ಪದರದ ಸ್ಯಾಂಪಲ್ (ಮೊದಲೇ ಮುದ್ರಿಸಿದ ಸದ್ದು) ಇಟ್ಟುಕೊಂಡ ಕೀಬೋರ್ಡುಗಳು ಈ ಜಾರುವಿಕೆಯನ್ನು ಕೊಡಲಾರವು. ಡಿಎಕ್ಸ್7 ಅನ್ನು ಅಳೆಯಬೇಕಾದ್ದು ಇಲ್ಲಿಂದಲೇ.

ಇದರ ಬೇರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. 1967ರಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತ ಸಂಯೋಜಕ ಕಂಪ್ಯೂಟರಿನಲ್ಲಿ ವೈಬ್ರಾಟೊ ಮಾಡಿ ನೋಡುತ್ತಿದ್ದರು. ಸ್ವರದ ಅಲುಗಾಟವನ್ನು ಸೆಕೆಂಡಿಗೆ ಐದಾರು ಸಲದಿಂದ ನೂರಾರು ಸಲಕ್ಕೆ ಏರಿಸಿದಾಗ ಅಲುಗಾಟ ಕೇಳಿಸುವುದು ನಿಂತು, ಸ್ವರದ ಬಣ್ಣವೇ ಬೇರೆಯಾಯಿತು. ಎರಡು ಸರಳ ಸೈನ್ ಅಲೆಗಳಿಂದ ಗಂಟೆ, ಕಹಳೆ, ಡೋಲು ಎಲ್ಲವೂ ಹುಟ್ಟಬಲ್ಲವು ಎಂದು ಅವರು ಕಂಡುಕೊಂಡರು. ಇದೇ ಎಫ್‌ಎಂ, ಅಂದರೆ ಫ್ರೀಕ್ವೆನ್ಸಿ ಮಾಡ್ಯುಲೇಶನ್. 1973ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅಮೆರಿಕದ ಆರ್ಗನ್ ತಯಾರಕರು ಇದರಲ್ಲಿ ಆಸಕ್ತಿ ತೋರಲಿಲ್ಲ. ಜಪಾನಿನ ಯಮಹಾ ಇದರ ಬೆಲೆ ಅರಿತು ಹಕ್ಕು ಪಡೆಯಿತು. ಆದರೆ ಅಂದಿನ ಬಿಡಿಭಾಗಗಳಲ್ಲಿ ಇದನ್ನು ವೇದಿಕೆಗೆ ಹೊತ್ತೊಯ್ಯುವ ಗಾತ್ರಕ್ಕೆ ಇಳಿಸಲು ಆಗುವಂತಿರಲಿಲ್ಲ. ಸ್ವಂತ ಚಿಪ್‌ಗಳನ್ನೇ ಮಾಡಿಕೊಂಡು, ದುಬಾರಿಯಾದ ಭಾರೀ ಜಿಎಸ್1 ಎಂಬ ವಾದ್ಯವನ್ನು ದಾಟಿ, ಕೊನೆಗೆ 1983ರಲ್ಲಿ ಡಿಎಕ್ಸ್7 ಹೊರಬಂತು. ಬೆಲೆ ಜಪಾನಿನಲ್ಲಿ 2,48,000 ಯೆನ್, ಅಮೆರಿಕದಲ್ಲಿ ಸುಮಾರು 2,000 ಡಾಲರ್. 16 ಸ್ವರಗಳನ್ನು ಒಟ್ಟಿಗೆ ನುಡಿಸುವ ಸಿಂಥಸೈಜರ್ ಆ ಬೆಲೆಗೆ ಅಲ್ಲಿಯತನಕ ಸಿಕ್ಕಿರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾದದ್ದರಲ್ಲಿ ಆಶ್ಚರ್ಯವಿಲ್ಲ.

ಒಳಗಿನ ವ್ಯವಸ್ಥೆ ಹೀಗಿದೆ. ಪ್ರತಿ ಸ್ವರಕ್ಕೂ ಆರು ಆಪರೇಟರುಗಳು. ಒಂದೊಂದು ಆಪರೇಟರೂ ಒಂದು ಸೈನ್ ಅಲೆ ಮತ್ತು ಅದರದೇ ಎನ್ವಲಪ್, ಅಂದರೆ ಅಲೆಯ ಮಟ್ಟ ಹೇಗೆ ಏರಿ ಇಳಿಯಬೇಕೆಂಬ ನಕ್ಷೆ. ಕಿವಿಗೆ ಬೀಳುವ ಆಪರೇಟರ್ ಕ್ಯಾರಿಯರ್, ಅದನ್ನು ಹಿಂದಿನಿಂದ ಅಲುಗಾಡಿಸುವುದು ಮಾಡ್ಯುಲೇಟರ್. ಯಾರು ಯಾರನ್ನು ಅಲುಗಾಡಿಸಬೇಕು ಎಂಬ ಜೋಡಣೆಗೆ ಅಲ್ಗಾರಿದಮ್ ಎಂದು ಹೆಸರು, ಅಂಥವು 32. ಸದ್ದಿನ ಹರಿತವನ್ನು ಕತ್ತರಿಸುವ ಫಿಲ್ಟರ್ ಇಲ್ಲ. ಬಣ್ಣ ಪೂರ್ತಿ ನಿಂತಿರುವುದು ಎರಡು ಸಂಗತಿಗಳ ಮೇಲೆ: ಮಾಡ್ಯುಲೇಟರ್ ಮತ್ತು ಕ್ಯಾರಿಯರ್ ನಡುವಿನ ಆವರ್ತನದ ಅನುಪಾತ, ಮಾಡ್ಯುಲೇಟರಿನ ಮಟ್ಟ. ಅನುಪಾತ ಪೂರ್ಣಾಂಕವಾಗಿದ್ದರೆ ಸ್ವರ ಶ್ರುತಿಬದ್ಧ. ಮಾಡ್ಯುಲೇಟರನ್ನು 3.50ಕ್ಕೆ ಇಟ್ಟರೆ ಶ್ರುತಿಗೆ ಕೂಡದ ಉಪಸ್ವರಗಳು ಬಂದು ಗಂಟೆಯಾಗುತ್ತದೆ. ಮಾಡ್ಯುಲೇಟರಿನ ಮಟ್ಟ ಏರಿದಷ್ಟೂ ಸದ್ದು ಹರಿತ. ಆ ಮಟ್ಟವನ್ನು ಕೀಲಿಯ ಪೆಟ್ಟಿನ ವೇಗಕ್ಕೆ ಕಟ್ಟಿದ್ದಾರಲ್ಲ, ಅದೇ ಈ ವಾದ್ಯದ ಪ್ರಾಣ. ಜೋರಾಗಿ ಹೊಡೆದರೆ ದನಿ ದೊಡ್ಡದಾಗುವುದಷ್ಟೇ ಅಲ್ಲ, ಅದರ ಜಾತಿಯೇ ಬದಲಾಗುತ್ತದೆ.

ಕಾರ್ಖಾನೆಯ ಸದ್ದುಗಳಲ್ಲಿ ಪ್ರಸಿದ್ಧವಾದ ಎಲೆಕ್ಟ್ರಿಕ್ ಪಿಯಾನೊ, ಇ.ಪಿಯಾನೊ 1 ಅನ್ನು ಬಿಚ್ಚಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದು 5ನೇ ಅಲ್ಗಾರಿದಮ್: 2ನೇ ಆಪರೇಟರ್ 1ನ್ನು, 4ನೆಯದು 3ನ್ನು, 6ನೆಯದು 5ನ್ನು ಅಲುಗಾಡಿಸುವ ಮೂರು ಜೋಡಿಗಳು. ಎರಡು ಜೋಡಿಗಳ ಅನುಪಾತ 1:1, ಅವು ಪಿಯಾನೊದ ಮೈ. ಉಳಿದ ಒಂದು ಜೋಡಿಯಲ್ಲಿ 2ನೇ ಆಪರೇಟರಿನ ಅನುಪಾತ 14.00. ಲೋಹದ ಕಡ್ಡಿಗೆ ಸುತ್ತಿಗೆ ತಾಗಿದಾಗ ಬರುವ 'ಟಿಂಗ್' ಇದೇ. ಎಡಿಟ್ ವಿಭಾಗದಲ್ಲಿ 1ರಿಂದ 6ರ ಗುಂಡಿಗಳು ಆಪರೇಟರುಗಳನ್ನು ಆಫ್ ಮತ್ತು ಆನ್ ಮಾಡುತ್ತವೆ. 2ನೇ ಗುಂಡಿ ಒತ್ತಿ ಆ ಆಪರೇಟರನ್ನು ಆಫ್ ಮಾಡಿದರೆ ಟಿಂಗ್ ಮಾಯವಾಗಿ, ಕೊಳಲಿಗೂ ಪಿಯಾನೊಗೂ ನಡುವಿನ ಮೆತ್ತನೆಯ ಸದ್ದು ಮಾತ್ರ ಉಳಿಯುತ್ತದೆ. ಎಫ್‌ಎಂ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ.

ಬರಿದಾದ ಪ್ಯಾಚ್‌ನಿಂದ (ಒಂದು ಸದ್ದಿನ ಸಂಖ್ಯೆಗಳ ಕಟ್ಟೇ ಪ್ಯಾಚ್) ಇದೇ ಬಗೆಯ ಸದ್ದು ಕಟ್ಟಬೇಕೆನ್ನುವವರು ಫಂಕ್ಷನ್ ವಿಭಾಗದ ವಾಯ್ಸ್ ಇನಿಟ್‌ನಿಂದ ಶುರುಮಾಡಲಿ. ಆಗ 1ನೇ ಆಪರೇಟರಿನ ಶುದ್ಧ ಸೈನ್ ಒಂದೇ ಕೇಳುತ್ತದೆ. ಎಡಿಟ್‌ನಲ್ಲಿ 7ನೇ ಗುಂಡಿಯಿಂದ ಅಲ್ಗಾರಿದಮ್ 5 ಆಯ್ಕೆ ಮಾಡಿ. 2ನೇ ಆಪರೇಟರಿಗೆ 18ನೇ ಗುಂಡಿಯಲ್ಲಿ ಅನುಪಾತ 14, 27ರಲ್ಲಿ ಮಟ್ಟ 58, 28ರಲ್ಲಿ ವೆಲಾಸಿಟಿ (ಪೆಟ್ಟಿನ ವೇಗ) ಸಂವೇದನೆ 6 ಅಥವಾ 7. ಅದರ ಎನ್ವಲಪ್‌ನ ನಾಲ್ಕು ವೇಗಗಳು 95, 50, 35, 78, ನಾಲ್ಕು ಮಟ್ಟಗಳು 99, 75, 0, 0. 1ನೇ ಆಪರೇಟರಿಗೆ ವೇಗ 96, 25, 25, 67, ಮಟ್ಟಗಳು ಅವೇ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ: ಈ ಯಂತ್ರದಲ್ಲಿ ಸಂಖ್ಯೆ ಕೊಡುವುದು ಸಮಯಕ್ಕಲ್ಲ, ವೇಗಕ್ಕೆ. 99 ಅಂದರೆ ಅತಿ ಬೇಗ, 0 ಅಂದರೆ ಅತಿ ನಿಧಾನ. ಬೇರೆ ಸಿಂಥ್‌ಗಳಿಂದ ಬಂದವರು ಇದನ್ನು ತಲೆಕೆಳಗು ಓದಿ, ಸದ್ದೇ ಬರುತ್ತಿಲ್ಲವೆಂದು ಪರದಾಡುತ್ತಾರೆ. ಮುಂದೆ 3 ಮತ್ತು 4ನೇ ಆಪರೇಟರುಗಳ ಅನುಪಾತ 1ರಲ್ಲೇ ಇರಲಿ, ಮಟ್ಟ ಕ್ರಮವಾಗಿ 99 ಮತ್ತು 89, ಎನ್ವಲಪ್ ವೇಗ 95, 20, 20, 50, ಎನ್ವಲಪ್ ಮಟ್ಟಗಳು 99, 95, 0, 0. 5 ಮತ್ತು 6ಕ್ಕೂ ಅದೇ ಎನ್ವಲಪ್ ನಕಲು ಮಾಡಿ, 5ರ ಮಟ್ಟ 99, 6ರದು 79 ಇಟ್ಟು, 5ನೆಯದರ ಡಿಟ್ಯೂನ್ (ಶ್ರುತಿಯ ಸಣ್ಣ ವ್ಯತ್ಯಾಸ) ಅನ್ನು 3ನೆಯದರಿಂದ ಸ್ವಲ್ಪ ಕದಲಿಸಿದರೆ ಎರಡು ಕ್ಯಾರಿಯರುಗಳ ನಡುವೆ ಮೆಲ್ಲನೆಯ ತುಯ್ತ ಹುಟ್ಟುತ್ತದೆ.

ಈ ಪಿಯಾನೊವನ್ನು ಮೇಲಿನ ಸಪ್ತಕಕ್ಕೆ ಒಯ್ದಾಗ ಟಿಂಗ್ ಕರ್ಕಶವಾಗುವುದಕ್ಕೂ ಲೆಕ್ಕವಿದೆ. ಕೀಲಿಮಣೆಯ ತುತ್ತತುದಿಯ ಸಿ ಸುಮಾರು 2,093 ಹರ್ಟ್ಜ್. ಅದರ 14 ಪಟ್ಟು 29,300 ಹರ್ಟ್ಜ್ ದಾಟುತ್ತದೆ. ಯಂತ್ರದ ಸ್ಯಾಂಪಲ್ ದರ ಸುಮಾರು 49 ಕಿಲೋಹರ್ಟ್ಜ್ ಆದ್ದರಿಂದ 24.5 ಕಿಲೋಹರ್ಟ್ಜ್‌ಗಿಂತ ಮೇಲಿನದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತದೆ, ಶ್ರುತಿಗೆ ಸಂಬಂಧವಿಲ್ಲದ ಕೀರಲಾಗಿ ಕೇಳುತ್ತದೆ. 23ರಿಂದ 25ರವರೆಗಿನ ಗುಂಡಿಗಳಲ್ಲಿರುವ ಕೀಬೋರ್ಡ್ ಸ್ಕೇಲಿಂಗ್ ಬಳಸಿ, ಮಧ್ಯದ ಸಿಯಿಂದ ಬಲಕ್ಕೆ 2ನೇ ಆಪರೇಟರಿನ ಮಟ್ಟ ಇಳಿಯುವಂತೆ ಮಾಡಿದರೆ ಸರಿಹೋಗುತ್ತದೆ.

ಕಾರ್ಖಾನೆಯ ಸದ್ದುಗಳಲ್ಲಿ ಹೆಚ್ಚಿನವನ್ನು ರೂಪಿಸಿದವರು ಡೇವಿಡ್ ಬ್ರಿಸ್ಟೊ ಮತ್ತು ಗ್ಯಾರಿ ಲ್ಯೂಯೆನ್‌ಬರ್ಗರ್. ಅವರ ಕಿವಿಗೆ ಸಲ್ಲಬೇಕಾದ ಗೌರವ ದೊಡ್ಡದು. ಬಾಸ್ 1 ಇವತ್ತಿಗೂ ಮಿಕ್ಸ್‌ನಲ್ಲಿ ದಾರಿ ಬಿಡಿಸಿಕೊಂಡು ನಿಲ್ಲುವ, ಮೀಟಿದ ತಂತಿಯ ಖಡಕ್ ಸದ್ದು. ಟಬ್ ಬೆಲ್ಸ್, ಮರಿಂಬಾ ಅದ್ಭುತ. ಪೆಟ್ಟು ತಿಂದು ಮೊಳಗುವ ವಸ್ತು ಯಾವುದಿದ್ದರೂ ಎಫ್‌ಎಂ ಅದನ್ನು ಮನಸಾರೆ ಮಾಡುತ್ತದೆ. ಬ್ರಾಸ್ 1 ಕೂಡ ಒಳ್ಳೆಯದೇ. ಮೆಲ್ಲಗೆ ಶುರುವಾಗಿ ಅರಳುವ ಕಹಳೆಯ ಗುಣ ಅದರಲ್ಲಿದೆ. ಸ್ಟ್ರಿಂಗ್ಸ್ ಮಾತ್ರ ಬಡಕಲು. ಇಡೀ ಯಂತ್ರಕ್ಕೆ ಸ್ವರವನ್ನು ನಿಧಾನವಾಗಿ ಅಲುಗಿಸುವ ಎಲ್‌ಎಫ್‌ಒ ಒಂದೇ, ಒಳಗೆ ಸದ್ದನ್ನು ದಪ್ಪಗಾಗಿಸುವ ಕೋರಸ್ ಇಲ್ಲ, ಮಾರ್ದನಿ ಕೊಡುವ ರಿವರ್ಬ್ ಇಲ್ಲ, ಹೊರಗೆ ಬರುವುದು ಒಂದೇ ಮಾನೊ ತಂತಿ. ಅಂದಿನ ಹಾಡುಗಳಲ್ಲಿ ಕೇಳುವ ಆ ಮಿರುಗುವ ಪಿಯಾನೊದ ಅರ್ಧ ಪಾಲು ಹೊರಗಿನ ಕೋರಸ್ ಮತ್ತು ರಿವರ್ಬ್‌ಗಳದ್ದು. ಯಂತ್ರ ಕೊಂಡು, ನೇರ ಸ್ಪೀಕರಿಗೆ ಜೋಡಿಸಿ, ಇದೇನು ಇಷ್ಟು ಒಣಗಿದೆ ಎನ್ನುವವರಿಗೆ ಇದೇ ಉತ್ತರ. ಕೋರಸ್ ಪೆಡಲ್ ಒಂದನ್ನು ಇಟ್ಟುಕೊಳ್ಳದೆ ಡಿಎಕ್ಸ್7 ಪರೀಕ್ಷಿಸಬೇಡಿ.

ಅದರ ಗೊರಗೊರ ಸದ್ದಿನ ಬಗ್ಗೆ ದೂರುವವರಿದ್ದಾರೆ. ಮೊದಲ ಮಾದರಿಯ ಡಿಜಿಟಲ್-ಅನಲಾಗ್ ಪರಿವರ್ತಕ 12 ಬಿಟ್‌ನದ್ದು. ಸ್ವರ ಸಾಯುವ ಕೊನೆಯಲ್ಲಿ ಮರಳು ಉದುರಿದಂಥ ಸದ್ದು ಉಳಿಯುತ್ತದೆ. ಮುಂದೆ ಬಂದ ಡಿಎಕ್ಸ್7-IIರಲ್ಲಿ 16 ಬಿಟ್ ಬಂತು, ಕೀಲಿಮಣೆಯನ್ನು ಎರಡು ಪಾಲು ಮಾಡುವ ಸ್ಪ್ಲಿಟ್ ಮತ್ತು ಎರಡು ಸದ್ದುಗಳನ್ನು ಒಟ್ಟಿಗೆ ನುಡಿಸುವ ಸೌಲಭ್ಯ ಬಂತು, ನಿಜಕ್ಕೂ ಸ್ವಚ್ಛವಾಯಿತು. ಆದರೆ ಬಾಸ್ ಮತ್ತು ಗಂಟೆಗಳಿಗೆ ಹಳೆಯದರ ಒರಟೇ ಮೇಲು. ಆ ಮರಳು ನಾದಕ್ಕೆ ಹಲ್ಲು ಕೊಡುತ್ತದೆ. ಶುದ್ಧ ಪಿಯಾನೊ ಧ್ವನಿಮುದ್ರಣವೇ ಮುಖ್ಯವಾದರೆ ಎರಡನೆಯದನ್ನೇ ಹುಡುಕಿ.

ಕೀಲಿಮಣೆ ಗಟ್ಟಿಮುಟ್ಟು, ಒತ್ತಿ ಹಿಡಿದ ಕೀಲಿಯ ಒತ್ತಡಕ್ಕೆ ಸ್ಪಂದಿಸುವ ಆಫ್ಟರ್‌ಟಚ್ ಇದೆ, ಉಸಿರಿನಿಂದ ನಿಯಂತ್ರಿಸುವ ಬ್ರೆತ್ ಕಂಟ್ರೋಲರಿಗೆ ಜಾಗವೂ ಇದೆ. ಆದರೆ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಮಿಡಿ ವ್ಯವಸ್ಥೆ ಆಗ ತಾನೇ ಹುಟ್ಟಿದ ಕಾಲದ ಗುರುತುಗಳೂ ಉಳಿದಿವೆ. ಇದು 1ನೇ ಚಾನೆಲ್‌ನಲ್ಲಿ ಮಾತ್ರ ಕಳಿಸುತ್ತದೆ. ಎಷ್ಟೇ ಜೋರಾಗಿ ಹೊಡೆದರೂ ವೆಲಾಸಿಟಿ ಮಿಡಿಯ ಗರಿಷ್ಠವಾದ 127 ಮುಟ್ಟುವುದಿಲ್ಲ. ಇದರಿಂದ ಬೇರೆ ಯಂತ್ರ ನುಡಿಸಿದರೆ ಅದು ಸೊರಗಿದಂತೆ ಕೇಳುತ್ತದೆ. ಆಧುನಿಕ ಕಂಟ್ರೋಲರಿನಿಂದ ಡಿಎಕ್ಸ್7 ನುಡಿಸಿದರೆ ಕಾರ್ಖಾನೆಯ ಸದ್ದುಗಳು ವಿಪರೀತ ಹರಿತವಾಗುತ್ತವೆ. ಕಂಟ್ರೋಲರಿನ ವೆಲಾಸಿಟಿಯನ್ನು 100ರ ಆಸುಪಾಸಿಗೆ ಮಿತಿಗೊಳಿಸಿದರೆ ಸದ್ದು ತನ್ನ ಜಾಗಕ್ಕೆ ಮರಳುತ್ತದೆ.

ಮುಂಭಾಗದ ಫಲಕವನ್ನು ಹೊಗಳಲು ಸಾಧ್ಯವಿಲ್ಲ. ಎರಡು ಸಾಲು, ಸಾಲಿಗೆ 16 ಅಕ್ಷರ, ಹಿಂಬೆಳಕಿಲ್ಲದ ಪರದೆ. ನೂರೈವತ್ತರ ಹತ್ತಿರದ ನಿಯತಾಂಕಗಳಿಗೆ ಒಂದೇ ಸ್ಲೈಡರ್. ಒಂದು ಸಲಕ್ಕೆ ಒಂದೇ ಸಂಖ್ಯೆ ಕಾಣುತ್ತದೆ, ಎನ್ವಲಪ್‌ನ ಆಕಾರವನ್ನು ತಲೆಯಲ್ಲೇ ಬಿಡಿಸಿಕೊಳ್ಳಬೇಕು. ಹೆಚ್ಚಿನ ಜನ ಕಾರ್ಖಾನೆಯ ಸದ್ದುಗಳಲ್ಲೇ ನಿಂತುಬಿಟ್ಟದ್ದಕ್ಕೆ ಈ ಫಲಕವೇ ಕಾರಣ. ಇವತ್ತು ಈ ಕಷ್ಟಕ್ಕೆ ಮದ್ದು ಉಚಿತವಾಗಿ ಸಿಗುತ್ತದೆ. ಡೆಕ್ಸೆಡ್ ಎಂಬ ಮುಕ್ತ ತಂತ್ರಾಂಶ ಆರೂ ಆಪರೇಟರುಗಳನ್ನು ಒಂದೇ ಪರದೆಯಲ್ಲಿ ತೋರಿಸುತ್ತದೆ, ನಿಜವಾದ ಡಿಎಕ್ಸ್7ಗೆ ಪ್ಯಾಚ್ ಕಳಿಸುತ್ತದೆ, ಅಲ್ಲಿಂದ ತರಿಸಿಕೊಳ್ಳುತ್ತದೆ.

ಕಳಿಸುವಾಗ ಎರಡು ಬೀಗ ತೆರೆದಿರಬೇಕು. ಫಂಕ್ಷನ್ ಒತ್ತಿ 8ನೇ ಗುಂಡಿಯನ್ನು ಮತ್ತೆ ಒತ್ತಿದಾಗ ಬರುವ ಸಿಸ್ಟಮ್ ಇನ್ಫೊ ಅನ್ನು ಅವೈಲ್‌ಗೆ ತನ್ನಿ, ಆಮೇಲೆ ಇಂಟರ್ನಲ್ ಮೆಮೊರಿ ಪ್ರೊಟೆಕ್ಟ್ ಒತ್ತಿ 'ನೊ' ಕೊಡಿ. ಇದರಲ್ಲಿ ಒಂದು ಮರೆತರೂ ಕಡತ ಹೋದಂತೆ ಕಾಣುತ್ತದೆ, ಒಳಗೇನೂ ಬದಲಾಗಿರುವುದಿಲ್ಲ. 32 ಸದ್ದುಗಳ ಪೂರ್ತಿ ಕಟ್ಟು ಸರಿಯಾಗಿ 4,104 ಬೈಟ್, ಮಿಡಿಯ ವೇಗದಲ್ಲಿ 1.3 ಸೆಕೆಂಡಿನ ಕೆಲಸ. ಕಡತದ ಗಾತ್ರ ಇದಕ್ಕಿಂತ ಒಂದು ಬೈಟ್ ಬೇರೆಯಿದ್ದರೂ ಅದು ಕೆಟ್ಟಿದೆ ಅಥವಾ ಬೇರೆ ಬಗೆಯದು ಎಂದುಕೊಳ್ಳಿ. ತೀರಾ ಅಗ್ಗದ ಯುಎಸ್‌ಬಿ-ಮಿಡಿ ತಂತಿಗಳು ಇಂಥ ಉದ್ದ ಸಂದೇಶದ ನಡುವೆ ಬೈಟ್‌ಗಳನ್ನು ನುಂಗುತ್ತವೆ. ಯಂತ್ರ ಕೆಟ್ಟಿದೆ ಎನ್ನುವ ಮೊದಲು ತಂತಿ ಬದಲಿಸಿ ನೋಡಿ.

ಹಳೆಯದನ್ನು ಕೊಳ್ಳುವವರು ಮೊದಲು ಹಿಂಬದಿಯ ಚೀಟಿಯಲ್ಲಿ ವೋಲ್ಟೇಜ್ ಓದಿ. ಜಪಾನಿನ ಒಳಮಾರುಕಟ್ಟೆಯವು 100 ವೋಲ್ಟ್‌ನವು, ನೇರ 230ಕ್ಕೆ ಸಿಕ್ಕಿಸಿದರೆ ಮುಗಿಯಿತು. ಆಮೇಲೆ 61 ಕೀಲಿಗಳನ್ನೂ ಒಂದೊಂದಾಗಿ, ಒಂದೇ ಬಲದಲ್ಲಿ ಒತ್ತಿ. ಒಂದು ಮಾತ್ರ ಹಠಾತ್ತನೆ ಕಿರುಚಿದರೆ ಅಥವಾ ಮೂಕವಾದರೆ ಅದರ ಸಂಪರ್ಕದಲ್ಲಿ ಧೂಳಿದೆ. ಇದು ಸರಿಪಡಿಸಬಹುದಾದ ದೋಷ, ಬೆಲೆ ಇಳಿಸಲು ಕಾರಣವೂ ಹೌದು. ಡೇಟಾ ಸ್ಲೈಡರನ್ನು ಮಧ್ಯದಲ್ಲಿಟ್ಟು ಕೈ ಬಿಡಿ, ಪರದೆಯ ಸಂಖ್ಯೆ ತಾನಾಗಿ ಕುಣಿಯಬಾರದು. 32 ಗುಂಡಿಗಳನ್ನೂ ಒತ್ತಿ. ಹೊದಿಕೆ ಚೆನ್ನಾಗಿ ಕಂಡರೂ ಅಡಿಯ ಸ್ವಿಚ್ ಸತ್ತಿರುವುದು ಸಾಮಾನ್ಯ.

ಬ್ಯಾಟರಿಯದು ಬೇರೆಯೇ ಮಾತು. ನೆನಪಿನಲ್ಲಿರುವ 32 ಸದ್ದುಗಳನ್ನು ಕಾಯುವುದು ಬೋರ್ಡಿಗೆ ಬೆಸುಗೆ ಹಾಕಿದ ಒಂದು ಲಿಥಿಯಂ ಬಿಲ್ಲೆ. ಫಂಕ್ಷನ್, ಆಮೇಲೆ 14 ಒತ್ತಿದರೆ ಅದರ ವೋಲ್ಟೇಜ್ ಪರದೆಗೆ ಬರುತ್ತದೆ. 3ರ ಸುತ್ತಮುತ್ತ ಇದ್ದರೆ ಚಿಂತೆಯಿಲ್ಲ, 2.5ಕ್ಕೆ ಇಳಿದಿದ್ದರೆ ತಡ ಮಾಡಬೇಡಿ. ಸತ್ತ ಬ್ಯಾಟರಿಯ ಯಂತ್ರದಲ್ಲಿ ಸದ್ದುಗಳ ಹೆಸರು ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ನುಡಿಸಿದರೆ ಬರೀ ಗದ್ದಲ. ಹಾಗೆ ಕಂಡರೆ ಬೆದರಬೇಡಿ, ಚಿಪ್‌ಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಬದಲಿಸುವ ಮೊದಲು ಒಳಗಿನ ಸದ್ದುಗಳನ್ನು ಕಂಪ್ಯೂಟರಿಗೆ ಉಳಿಸಿಕೊಳ್ಳಿ, ವಿದ್ಯುತ್ ತಂತಿ ಕಿತ್ತಿಡಿ, ಹಳೆಯ ಬಿಲ್ಲೆಯ ಬೆಸುಗೆ ಬಿಡಿಸಿ, ಆ ಜಾಗದಲ್ಲಿ ಸಿಆರ್2032 ಹಿಡಿಕೆಯನ್ನು ಬೆಸೆಯಿರಿ. ಧನ ಮತ್ತು ಋಣ ತುದಿಗಳನ್ನು ಹಳೆಯದು ತೆಗೆಯುವ ಮುಂಚೆಯೇ ಗುರುತು ಮಾಡಿಟ್ಟುಕೊಳ್ಳಿ. ಮುಂದಿನ ಸಲ ಬೆಸುಗೆಯ ಗೊಡವೆಯೇ ಇರುವುದಿಲ್ಲ.

ಸದ್ದು ಮಾತ್ರ ಸಾಕು, ಕೀಲಿಮಣೆ ಬೇಡ ಎನ್ನುವವರಿಗೆ ಅದೇ ಕಾಲದ ಟಿಎಕ್ಸ್7 ಪೆಟ್ಟಿಗೆ ಇದೆ. ಒಳಗೆ ಅದೇ ಆರು ಆಪರೇಟರುಗಳ ಧ್ವನಿಯಂತ್ರ. ಕೋರ್ಗ್‌ನ ವೋಲ್ಕಾ ಎಫ್‌ಎಂ ಡಿಎಕ್ಸ್7ನ ಪ್ಯಾಚ್‌ಗಳನ್ನು ಓದುತ್ತದೆ, ಮೊದಲ ಮಾದರಿಯಲ್ಲಿ ಒಟ್ಟಿಗೆ ಮೂರೇ ಸ್ವರ, ಎರಡನೆಯದರಲ್ಲಿ ಆರು. ಯಮಹಾದ್ದೇ ರಿಫೇಸ್ ಡಿಎಕ್ಸ್ ಚೆಂದದ ಪುಟ್ಟ ವಾದ್ಯ. ಆದರೆ ನಾಲ್ಕೇ ಆಪರೇಟರ್ ಇರುವುದರಿಂದ ಹಳೆಯ ಪ್ಯಾಚ್‌ಗಳು ಅದಕ್ಕೆ ಹೊಂದುವುದಿಲ್ಲ, ಹೆಸರು ನೋಡಿ ಮೋಸಹೋಗಬೇಡಿ. ಹಣ ಕೊಡುವ ಮುಂಚೆ ಡೆಕ್ಸೆಡ್ ಹಾಕಿಕೊಂಡು, ಅದರ ಎಂಜಿನ್ ಆಯ್ಕೆಯನ್ನು ಮಾರ್ಕ್ 1ಕ್ಕೆ ಇಟ್ಟು, ವೆಲಾಸಿಟಿ ಇರುವ ಯಾವುದಾದರೂ ಕೀಬೋರ್ಡಿನಲ್ಲಿ ಒಂದು ವಾರ ಇ.ಪಿಯಾನೊ 1 ನುಡಿಸಿ. ಮೆಲ್ಲನೆಯ ಪೆಟ್ಟಿಗೂ ಜೋರು ಪೆಟ್ಟಿಗೂ ನಡುವಿನ ಆ ಹಂತಗಳನ್ನು ಬೆರಳು ತಾನಾಗಿ ಹುಡುಕತೊಡಗಿದರೆ, 14 ಕಿಲೋ ಹೊರಲು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.