ಪಿಂಚಣಿ ಕಾಗದ ಓದಿ ಹೇಳುವ ಮಾಜಿ ಸೈನಿಕರ ಸಂಘ: ನಮ್ಮ ಅನುಭವ

ಮಾಜಿ ಸೈನಿಕರ ಸಂಘವೆಂದರೆ ಸ್ವಾತಂತ್ರ್ಯ ದಿನದಂದು ಪದಕ ಧರಿಸಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರ ಬಳಗ ಎಂದೇ ನಾನು ಬಹುಕಾಲ ತಿಳಿದಿದ್ದೆ. ಹವಾಲ್ದಾರರಾಗಿ ನಿವೃತ್ತರಾಗಿದ್ದ ತಂದೆಯವರು ತೀರಿಕೊಂಡ ಮೇಲೆ ತಾಯಿಯವರಿಗೆ ಸಲ್ಲಬೇಕಾದ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ಶುರುವಾಗದೆ, ಕೊನೆಗೆ ಯಾರೋ ಹೇಳಿದರೆಂದು ನಮ್ಮ ತಾಲ್ಲೂಕಿನ ಸಂಘದ ನೆರವು ಕೇಂದ್ರಕ್ಕೆ ಹೋದಾಗ ಆ ತಿಳಿವಳಿಕೆ ಎಷ್ಟು ಅರೆಬರೆಯದಾಗಿತ್ತೆಂಬುದು ಗೊತ್ತಾಯಿತು.

ಅದಕ್ಕೂ ಮೊದಲು ನಾವು ಒಂದು ಸೈಬರ್ ಸೆಂಟರ್‌ನಲ್ಲಿ ಮೂರು ಬಾರಿ ಅರ್ಜಿ ಹಾಕಿಸಿದ್ದೆವು. ಮೂರು ಬಾರಿಯೂ ತಿರಸ್ಕೃತವಾಗಿತ್ತು. ಸಂಘದಲ್ಲಿ ಕುಳಿತಿದ್ದ ನಿವೃತ್ತ ಸುಬೇದಾರರು ಕಂಪ್ಯೂಟರ್ ಕಡೆಗೆ ನೋಡಲೇ ಇಲ್ಲ. ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆಯಾದ ತಂದೆಯವರ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶವಾದ ಪಿಪಿಓ ಮತ್ತು ತಾಯಿಯವರ ಆಧಾರ್ ಕಾರ್ಡನ್ನು ಮೇಜಿನ ಮೇಲೆ ಅಕ್ಕಪಕ್ಕ ಇರಿಸಿ, ಹೆಸರಿನ ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲಿನ ತುದಿಯನ್ನು ಸರಿಸುತ್ತಾ ಹೋಗಿ ಒಂದೆಡೆ ನಿಲ್ಲಿಸಿದರು. ಸೇನೆಯ ದಾಖಲೆಯಲ್ಲಿ ‘ಅವ್ವ’ ಎಂದು ಮುಗಿಯುವ ನನ್ನ ತಾಯಿಯ ಹೆಸರು ಆಧಾರ್‌ನಲ್ಲಿ ‘ಅಮ್ಮ’ ಎಂದು ಮುಗಿಯುತ್ತಿತ್ತು. “ಅಕ್ಕಾ, ಮದುವೆಯಾದಾಗ ಊರಿನವರು ಕರೆದ ಹೆಸರನ್ನೇ ನಿಮ್ಮ ಯಜಮಾನರು ಬರೆಸಿದ್ದಾರೆ, ತಪ್ಪೇನಿಲ್ಲ” ಎಂದು ಅವರು ಹೇಳಿದಾಗ, ಅಷ್ಟು ದಿನ ತಾನೇ ಏನೋ ತಪ್ಪು ಮಾಡಿದ್ದೇನೆಂಬಂತೆ ಕುಗ್ಗಿದ್ದ ತಾಯಿಯವರು ಮೊದಲ ಸಲ ಕುರ್ಚಿಗೆ ಒರಗಿ ಕುಳಿತರು.

ರಕ್ಷಣಾ ಪಿಂಚಣಿಯ ವ್ಯವಹಾರವೆಲ್ಲ ಈಗ ‘ಸ್ಪರ್ಶ್’ ಎಂಬ ಜಾಲತಾಣದ ಮೂಲಕ ನಡೆಯುತ್ತದೆ. ಪಿಂಚಣಿ ಮಂಜೂರು ಮಾಡುವ ಕಚೇರಿ ಪ್ರಯಾಗರಾಜ್‌ನಲ್ಲಿದೆ. ಆದರೆ ಸೈನಿಕನ ಪತ್ನಿ ಮಕ್ಕಳ ವಿವರವಿರುವ ಮೂಲ ದಾಖಲೆ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್ಫಂಟ್ರಿಯದು ಬೆಳಗಾವಿಯಲ್ಲಿದ್ದರೆ ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿದೆ. ಅಲ್ಲಿ ಹೆಸರು ತಿದ್ದದೆ ಜಾಲತಾಣದಲ್ಲಿ ಎಷ್ಟು ಅರ್ಜಿ ಹಾಕಿದರೂ ಫಲವಿಲ್ಲ ಎಂಬ ಸರಳ ಸಂಗತಿಯನ್ನು ನಮಗೆ ತಿಳಿಸಿಕೊಟ್ಟವರು ಆ ಸುಬೇದಾರರೊಬ್ಬರೇ. ಎರಡೂ ಹೆಸರಿನವರು ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ, ಅವರೇ ಬರೆದುಕೊಟ್ಟ ಅರ್ಜಿಯೊಂದಿಗೆ ಕಳುಹಿಸಿದೆವು. ತಿದ್ದುಪಡಿಯಾದ ಪಿಪಿಓ ಬಂದ ಬಳಿಕ ತಂದೆಯವರು ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿದ ಬಾಕಿಯೂ ಜಮೆಯಾಯಿತು. ಸಂಘದವರು ಒಂದು ರೂಪಾಯಿಯನ್ನೂ ಪಡೆಯಲಿಲ್ಲ.

ಕಾಯುವ ಹೊತ್ತಿನಲ್ಲಿ ಕಂಡದ್ದನ್ನೂ ಹೇಳಬೇಕು. ಹದಿನೈದು ವರ್ಷ ಪೂರೈಸುವ ಮೊದಲೇ ಸೇನೆ ಬಿಟ್ಟಿದ್ದರಿಂದ ಪಿಂಚಣಿಯೇ ಇಲ್ಲದ ಮುದುಕರೊಬ್ಬರಿಗೆ, ಅರವತ್ತೈದು ದಾಟಿದ ನಿರಾಧಾರ ಮಾಜಿ ಸೈನಿಕರಿಗೆಂದು ಕೇಂದ್ರೀಯ ಸೈನಿಕ ಮಂಡಳಿ ನೀಡುವ ಮಾಸಿಕ ಅನುದಾನದ ಅರ್ಜಿಯನ್ನು ತುಂಬಿಸುತ್ತಿದ್ದರು. 2025ರ ನವೆಂಬರ್‌ನಿಂದ ಅದು 4,000 ರೂಪಾಯಿಯಿಂದ 8,000ಕ್ಕೆ ಏರಿದೆ ಎಂಬುದು ಆ ವೃದ್ಧರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಿಪಾಯಿಯೊಬ್ಬರ ಪತ್ನಿಯ ಕೆಲಸ ಮುಗಿಯುವವರೆಗೆ ನಿವೃತ್ತ ಕ್ಯಾಪ್ಟನ್ ಒಬ್ಬರು ತಮ್ಮ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಸರದಿಯ ವಿಷಯದಲ್ಲಿ ಇಲ್ಲಿ ದರ್ಜೆ ನಡೆಯುವುದಿಲ್ಲ.

ಕೊರತೆಗಳೂ ಸಣ್ಣವಲ್ಲ. ಕೇಂದ್ರ ತೆರೆಯುವುದು ಭಾನುವಾರ ಬೆಳಿಗ್ಗೆ ಮಾತ್ರ. ಮಂಡಿನೋವಿನವರೇ ಹೆಚ್ಚಾಗಿ ಬರುವ ಈ ಕಚೇರಿ ಮೊದಲ ಮಹಡಿಯಲ್ಲಿರುವುದಕ್ಕೆ ನನಗಂತೂ ಸಮಾಧಾನವಾಗುವ ಕಾರಣ ಸಿಗಲಿಲ್ಲ. ಕೆಲಸವೆಲ್ಲ ಒಬ್ಬರ ನೆನಪಿನ ಮೇಲೆಯೇ ನಿಂತಿದೆ: ಸುಬೇದಾರರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಹೋದಾಗ ನಮ್ಮ ಕಡತ ಎಲ್ಲಿದೆಯೆಂದು ಹೇಳಬಲ್ಲವರೇ ಇರಲಿಲ್ಲ, ಬಂದವರ ಹೆಸರು ಬರೆದಿಡುವ ಒಂದು ರಿಜಿಸ್ಟರ್ ಕೂಡ ಅಲ್ಲಿಲ್ಲ. ಬರುವವರಲ್ಲಿ ಅರ್ಧದಷ್ಟು ಮಂದಿ ವಿಧವೆಯರಾಗಿರುವಾಗ ಮೇಜಿನ ಆಚೆ ಒಬ್ಬ ಮಹಿಳೆಯೂ ಇಲ್ಲದಿರುವುದು ಸರಿಯಲ್ಲ; ಎರಡನೆಯ ಮದುವೆ, ಬೇರೆ ವಾಸ ಮುಂತಾದ ಪ್ರಶ್ನೆಗಳು ಬಂದಾಗ ಹೆಂಗಸರು ತಲೆ ತಗ್ಗಿಸಿ ಸುಮ್ಮನಾಗುವುದನ್ನು ನಾನೇ ನೋಡಿದ್ದೇನೆ.

ಹೋಗುವವರು ಡಿಸ್ಚಾರ್ಜ್ ಬುಕ್, ಪಿಪಿಓ, ಮರಣ ಪ್ರಮಾಣಪತ್ರ, ಆಧಾರ್, ಪಾನ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳ ಎರಡೆರಡು ಜೆರಾಕ್ಸ್ ಪ್ರತಿಗಳನ್ನು ಒಯ್ಯುವುದು ಒಳ್ಳೆಯದು. ಮೂಲ ಪ್ರತಿಗಳನ್ನು ಅವರು ನೋಡಿ ಅಲ್ಲಿಯೇ ಹಿಂದಿರುಗಿಸುತ್ತಾರೆ. ನವೆಂಬರ್‌ನಲ್ಲಿ, ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣಪತ್ರಕ್ಕಾಗಿ ನೂಕುನುಗ್ಗಲು ಇರುವುದರಿಂದ ಬೇರೆ ಕೆಲಸವಿರುವವರು ಆ ತಿಂಗಳನ್ನು ತಪ್ಪಿಸುವುದು ಲೇಸು. ನಾವು ಆ ಗದ್ದಲದಲ್ಲಿಯೇ ಹೋಗಿದ್ದೆವು. ಆ ಪ್ರಮಾಣಪತ್ರದ ಮೊಬೈಲ್ ಆ್ಯಪ್‌ನಲ್ಲಿ ಪಿಂಚಣಿ ವಿತರಿಸುವವರ ಪಟ್ಟಿ ಬಂದಾಗ ಹಳೆಯ ಬ್ಯಾಂಕನ್ನು ಒತ್ತದೆ ಸ್ಪರ್ಶ್ ಅನ್ನೇ ಆರಿಸಬೇಕೆಂದು ನನಗೆ ತೋರಿಸಿಕೊಟ್ಟ ಸುಬೇದಾರರು, ಮೊಬೈಲನ್ನು ತಾಯಿಯವರ ಮುಖದೆದುರು ಹಿಡಿದು ಕಣ್ಣು ಮಿಟುಕಿಸಲು ಹೇಳಿದರು. ತಾಯಿಯವರು ದೇವರೆದುರು ನಿಂತವರಂತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ನಾಲ್ಕನೆಯ ಪ್ರಯತ್ನಕ್ಕೆ ಫೋಟೊ ಸಿಕ್ಕಿತು.