ಹೀಟ್ ಪಂಪ್ ಗ್ರಾಂಟ್: ಸಹಿ ಹಾಕುವ ಮೊದಲು ಈ ಲೆಕ್ಕ ಕೇಳಿ

ಇಂಗ್ಲೆಂಡ್, ವೇಲ್ಸ್‌ನಲ್ಲಿ ಸ್ವಂತ ಮನೆ ಇದ್ದು, ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ತರುವ ಯಂತ್ರ) ಹಾಕಿಸುವ ಯೋಚನೆ ಇದ್ದವರು ದಯವಿಟ್ಟು ಓದಿ. ಇದಕ್ಕೆ ಸರ್ಕಾರ ಗ್ರಾಂಟ್ (ಸಹಾಯಧನ) ಕೊಡುವ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಮೋಸವೇನಲ್ಲ. ಇದು 2022ರಲ್ಲಿ ಶುರುವಾಯಿತು. 2023ರ ಅಕ್ಟೋಬರ್‌ನಲ್ಲಿ ಗ್ರಾಂಟ್ 7,500 ಪೌಂಡ್‌ಗೆ ಏರಿತು. ಆದರೆ ಅರ್ಜಿ ಹಾಕುವುದೂ ಪಂಪ್ ಕೂರಿಸುವ ಕಂಪನಿಯವರೇ, ದುಡ್ಡು ಹೋಗುವುದೂ ಅವರಿಗೇ. ನಮಗೆ ಬಿಲ್ಲಿನಲ್ಲಿ ಅಷ್ಟು ಕಳೆಯುತ್ತಾರೆ. ಹಾಗಾಗಿ ಅರ್ಜಿ ಹಾಕಿಸಿಕೊಳ್ಳುವ ಅವಸರ ನಮಗಿಂತ ಅವರಿಗೇ ಜಾಸ್ತಿ.

ನಮ್ಮ ಮನೆಗೆ ಬಂದವರು ಗ್ರಾಂಟ್ ಬಗ್ಗೆ ಚೆನ್ನಾಗಿ ಮಾತಾಡಿದರು. ಅಳತೆ ಟೇಪ್ ಮಾತ್ರ ಹೊರಗೆ ತೆಗೆಯಲೇ ಇಲ್ಲ. ಒಂದೊಂದು ಕೋಣೆಯಿಂದಲೂ ಎಷ್ಟು ಶಾಖ ಸೋರಿಹೋಗುತ್ತದೆ ಎಂಬ ಲೆಕ್ಕ ಎಲ್ಲಿ ಅಂತ ಕೇಳಿದೆವು. "ಆಮೇಲೆ ಕಳಿಸುತ್ತೇವೆ, ವೋಚರ್ ಅವಧಿ 3 ತಿಂಗಳು ಮಾತ್ರ" ಅಂದರು. ವೋಚರ್ ಅಂದರೆ ಗ್ರಾಂಟ್‌ನ ಮಂಜೂರಾತಿ; ಗಾಳಿಯಿಂದ ಶಾಖ ಎಳೆಯುವ ಪಂಪ್‌ಗೆ ಅವಧಿಯ ಮಾತು ನಿಜ. ಲೆಕ್ಕ ಬರಲೇ ಇಲ್ಲ, ಪಂಪ್ ಮಾತ್ರ ಕೂರಿಸಿ ಹೋದರು.

ಚಳಿಗಾಲ ಬಂತು, ಹಾಲ್ ಬೆಚ್ಚಗಾಗಲಿಲ್ಲ. ಕಾರಣ ಸರಳ. ಗ್ಯಾಸ್ ಬಾಯ್ಲರ್ ಸಾಮಾನ್ಯವಾಗಿ 60–70 ಡಿಗ್ರಿ ಬಿಸಿಯ ನೀರು ಕಳಿಸುತ್ತದೆ, ಆದ್ದರಿಂದ ಸಣ್ಣ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕ) ಸಾಕು. ಹೀಟ್ ಪಂಪ್ ಚೆನ್ನಾಗಿ ಕೆಲಸ ಮಾಡುವುದು 35–45 ಡಿಗ್ರಿಯಲ್ಲಿ. ಅಷ್ಟೇ ಬಿಸಿ ಕೋಣೆಗೆ ಸಿಗಬೇಕಾದರೆ ರೇಡಿಯೇಟರ್ ದೊಡ್ಡದಿರಬೇಕು. ಇವರು ಹಳೆಯವನ್ನೇ ಬಿಟ್ಟು ಹೋಗಿದ್ದರು. ದೂರು ಕೊಟ್ಟಾಗ ಬಂದವನು ಮಾಡಿದ್ದು ಒಂದೇ, ನೀರಿನ ಬಿಸಿ ಏರಿಸಿದ. ಹಾಲ್ ಬೆಚ್ಚಗಾಯಿತು, ಜೊತೆಗೆ ಕರೆಂಟ್ ಬಿಲ್ಲೂ ಏರಿತು! ಬಿಸಿ ಏರಿದಷ್ಟೂ ಪಂಪ್ ಜಾಸ್ತಿ ವಿದ್ಯುತ್ ತಿನ್ನುತ್ತದೆ. ಇಲ್ಲಿ ಒಂದು ಯೂನಿಟ್ ಕರೆಂಟ್ ಗ್ಯಾಸ್‌ಗಿಂತ ಹಲವು ಪಟ್ಟು ದುಬಾರಿ ಬೇರೆ.

ಕೊನೆಗೆ ಬೇರೊಬ್ಬ ಎಂಜಿನಿಯರ್ ಪ್ರತಿ ಕೋಣೆ ಅಳೆದು, ಕಿಟಕಿ, ಗೋಡೆ ಎಲ್ಲ ನೋಡಿ ಲೆಕ್ಕ ಹಾಕಿದರು. ರೇಡಿಯೇಟರ್ ಬದಲಾಯಿಸಿದ ಖರ್ಚು ನಮ್ಮದೇ. ಒಂದು ಮನೆಗೆ ಗ್ರಾಂಟ್ ಒಂದೇ ಸಲ.

ಅರ್ಜಿ ಹೋದ ಮೇಲೆ ಈ ಸ್ಕೀಮ್ ನಡೆಸುವ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ನಿಂದ ನಮಗೆ ಒಪ್ಪಿಗೆ ಕೇಳುವ ಇಮೇಲ್ ಬರುತ್ತದೆ. "ಸುಮ್ನೆ ಕ್ಲಿಕ್ ಮಾಡಿ" ಅನ್ನುತ್ತಾರೆ ಕಂಪನಿಯವರು. ಮಾಡಬೇಡಿ. ಕೋಣೆವಾರು ಲೆಕ್ಕ, ಯಾವ ರೇಡಿಯೇಟರ್ ಬದಲಾಗುತ್ತದೆ, ಹೊರಗೆ ಕೊರೆಯುವ ಚಳಿ ಇದ್ದಾಗ ನೀರು ಎಷ್ಟು ಡಿಗ್ರಿಯಲ್ಲಿ ಹರಿಯುತ್ತದೆ, ಈ ಮೂರೂ ಬರಹದಲ್ಲಿ ಕೈಗೆ ಬರಲಿ. ಎಂಸಿಎಸ್ (ಇಂಥ ಉಪಕರಣ ಕೂರಿಸುವವರ ಗುಣಮಟ್ಟ ಪ್ರಮಾಣೀಕರಿಸುವ ವ್ಯವಸ್ಥೆ) ಪ್ರಮಾಣಪತ್ರ ಇರುವ ಕಂಪನಿ ಶಾಖ ನಷ್ಟದ ಲೆಕ್ಕ ಮಾಡಲೇಬೇಕು, ಅದೇನು ಉಪಕಾರವಲ್ಲ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಕಂಪನಿಯನ್ನು ಕರೆಸಿ.