ಸಿಮ್ ವಾಕಿಟಾಕಿ, ಸ್ಯಾಟಲೈಟ್ ಫೋನ್, ಹಳೇ ವಿಎಚ್‌ಎಫ್ ಸೆಟ್: ಮಳೆಗಾಲದಲ್ಲಿ ಕೈಕೊಡದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಅನಲಾಗ್ ವಿಎಚ್‌ಎಫ್ ಸೆಟ್‌ಗೆ, ಅಂದರೆ ಟವರ್, ಇಂಟರ್ನೆಟ್ ಇಲ್ಲದೆ ಸೆಟ್‌ನಿಂದ ಸೆಟ್‌ಗೆ ನೇರ ಮಾತಾಡುವ ರೇಡಿಯೋಗೆ. ಗುಡ್ಡ ಕುಸಿದು ಮೊಬೈಲ್ ಸತ್ತಾಗ ಮರಕ್ಕೆ ಆಂಟೆನಾ ಕಟ್ಟಿ, ಪಕ್ಕದಲ್ಲಿ ಹನ್ನೆರಡು ವೋಲ್ಟ್ ಬ್ಯಾಟರಿ ಇಟ್ಟುಕೊಂಡು, ಪ್ರತಿ ಇಲಾಖೆಯ ಅಧಿಕಾರಿಯ ಜೊತೆ ಒಬ್ಬ ಹ್ಯಾಮ್ (ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವನು) ಕೂರುವ ಪದ್ಧತಿ. ನೋಡುವುದಕ್ಕೆ ಚೆಂದ ಇಲ್ಲ. ಮೀಟಿಂಗಿನಲ್ಲಿ ತೋರಿಸಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ಕೆಲಸ ಮಾಡುತ್ತದೆ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೆ ನಮ್ಮೂರಲ್ಲೂ ಒಂದು ಸ್ವಯಂಸೇವಕರ ತಂಡ ಹುಟ್ಟಿಕೊಂಡಿತು. ಕಾಫಿ ತೋಟದವರು, ಮೇಷ್ಟ್ರುಗಳು, ಜೀಪ್ ಡ್ರೈವರ್‌ಗಳು, ನನ್ನಂಥ ಹ್ಯಾಮ್ ಲೈಸೆನ್ಸ್ ಇರುವ ಕೆಲವರು. ಮಳೆಗಾಲದಲ್ಲಿ ತಾಲ್ಲೂಕು ಆಫೀಸಿನವರು ಕರೆದಾಗ ಹೋಗುತ್ತೇವೆ. ಕೆಲಸ ಒಂದೇ: ಒಂದು ಇಲಾಖೆಯ ಮಾತು ಇನ್ನೊಂದು ಇಲಾಖೆಗೆ ತಲುಪಿಸುವುದು.

ಅದಕ್ಕೆ ಹೊರಗಿನವರು ಯಾಕೆ ಬೇಕು, ಅವರವರ ಹತ್ತಿರ ವೈರ್‌ಲೆಸ್ ಇಲ್ವಾ ಎಂದು ಕೇಳಬಹುದು. ಇದೆ. ಪೊಲೀಸರಿಗೆ ಇದೆ. ಅರಣ್ಯ ಇಲಾಖೆಗೆ ಗುಡ್ಡದ ಮೇಲಿನ ರಿಪೀಟರ್ (ಬಂದ ಮಾತನ್ನು ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಸಮೇತ ಇದೆ. ಅಗ್ನಿಶಾಮಕದವರಿಗೂ ಇದೆ. ಆದರೆ ಒಬ್ಬೊಬ್ಬರದು ಒಂದೊಂದು ಫ್ರೀಕ್ವೆನ್ಸಿ. ಫ್ರೀಕ್ವೆನ್ಸಿ ಹಂಚುವ ದೆಹಲಿಯ ಸರ್ಕಾರಿ ಕಚೇರಿ ಡಬ್ಲ್ಯೂಪಿಸಿ ಯಾರಿಗೆ ಏನು ಕೊಟ್ಟಿದೆಯೋ ಅದರಲ್ಲೇ ಮಾತಾಡಬೇಕು. ದಿನನಿತ್ಯದ ಕೆಲಸಕ್ಕೆ ಅದೇ ಸರಿ. ಕಾಡಾನೆ ಎಲ್ಲಿದೆ ಎಂಬ ಫಾರೆಸ್ಟ್ ಗಾರ್ಡ್‌ಗಳ ಮಾತು ಪೊಲೀಸ್ ಸ್ಟೇಷನ್ನಿನಲ್ಲಿ ಇಡೀ ದಿನ ಕೇಳಿಸುತ್ತಿದ್ದರೆ ಯಾರಿಗೆ ಉಪಯೋಗ? ತೊಂದರೆ ಶುರುವಾಗುವುದು ಎಲ್ಲರೂ ಒಂದೇ ಗುಡ್ಡದ ಬುಡದಲ್ಲಿ ನಿಂತಾಗ. ಮೇಲಿನಿಂದ ಮಣ್ಣು ಇನ್ನೂ ಜಾರುತ್ತಿದೆ ಎಂದು ಫಾರೆಸ್ಟ್ ಗಾರ್ಡ್ ಕೂಗುತ್ತಾನೆ. ಅದು ಅವನ ರೇಂಜ್ ಆಫೀಸಿಗೆ ಕೇಳುತ್ತದೆ. ಕೆಳಗೆ ಅಗೆಯುತ್ತಿರುವ ಅಗ್ನಿಶಾಮಕದವರಿಗೆ ಕೇಳುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಕಷ್ಟ ಅಂದುಕೊಳ್ಳಬೇಡಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಕಟ್ಟಡ ಬೀಳುವ ಹಾಗಿದೆ ಎಂದು ಪೊಲೀಸ್ ಹೆಲಿಕಾಪ್ಟರಿನವರು ರೇಡಿಯೋದಲ್ಲಿ ಹೇಳಿದ್ದರು. ಅಗ್ನಿಶಾಮಕದವರ ರೇಡಿಯೋ ಬೇರೆ. ಆ ಎಚ್ಚರಿಕೆ ಒಳಗಿದ್ದವರಿಗೆ ತಲುಪಲಿಲ್ಲ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343 ಜನ.

ನಮ್ಮ ದೇಶದಲ್ಲಿ ಪೊಲೀಸ್ ವೈರ್‌ಲೆಸ್‌ಗಳ ನಡುವೆ ಸಮನ್ವಯ ಮಾಡಲು ಗೃಹ ಸಚಿವಾಲಯದ ಕೆಳಗೆ ಒಂದು ನಿರ್ದೇಶನಾಲಯವೇ ಇದೆ, ಡಿಸಿಪಿಡಬ್ಲ್ಯೂ ಅಂತ. 1946ರಿಂದ ಇದೆ. ಪೋಲ್‌ನೆಟ್ ಎಂಬ ಉಪಗ್ರಹ ಜಾಲ ನಡೆಸುವುದೂ ಅವರೇ. ಆದರೆ ಅದು ರಾಜ್ಯ ರಾಜ್ಯಗಳ ಮಟ್ಟದ ಮಾತು. ಒಂದು ಹೋಬಳಿಯಲ್ಲಿ ಲೈನ್‌ಮನ್, ಫಾರೆಸ್ಟ್ ಗಾರ್ಡ್, 108ರ ಡ್ರೈವರ್, ಜೆಸಿಬಿಯವನು ಇವರನ್ನೆಲ್ಲ ಒಂದೇ ಮಾತಿಗೆ ತರುವುದಕ್ಕೆ ನಮ್ಮ ಕಡೆ ಇರುವುದು ಮುಖ್ಯವಾಗಿ ಮೊಬೈಲ್ ಫೋನ್. ಅದು ಸತ್ತಾಗ ಏನು ಮಾಡುವುದು ಎಂಬುದೇ ಈ ಹೋಲಿಕೆ.

ನಮ್ಮ ಸಮಿತಿ ದೇಣಿಗೆ ದುಡ್ಡಿನಲ್ಲಿ ಮೊದಲು ಕೊಂಡದ್ದು ಸಿಮ್ ಹಾಕುವ ವಾಕಿಟಾಕಿ. ನೋಡಲು ಥೇಟ್ ವಾಕಿಟಾಕಿ, ಒಳಗೆ ಇರುವುದು ಮೊಬೈಲ್. ಗುಂಡಿ ಒತ್ತಿದರೆ ಮಾತು ಇಂಟರ್ನೆಟ್ಟಿನ ಮೇಲೆ ಸರ್ವರ್‌ಗೆ ಹೋಗಿ, ಅಲ್ಲಿಂದ ಗುಂಪಿನಲ್ಲಿರುವ ಎಲ್ಲರಿಗೂ ಬರುತ್ತದೆ. ಫ್ರೀಕ್ವೆನ್ಸಿ ಲೈಸೆನ್ಸಿನ ರಗಳೆ ಇಲ್ಲ. ಇಲ್ಲಿಂದ ಬೆಂಗಳೂರಿಗೂ ಕೇಳುತ್ತದೆ. ಮ್ಯಾಪಿನಲ್ಲಿ ಯಾರು ಎಲ್ಲಿದ್ದಾರೆ ಅಂತಲೂ ತೋರಿಸುತ್ತದೆ. ಜಾತ್ರೆಯಲ್ಲಿ, ತೇರಿನ ದಿನ ಬಳಸಿ ನೋಡಿದೆವು. ಅದ್ಭುತ. ಪೊಲೀಸರಿಗೊಂದು, ಆಸ್ಪತ್ರೆಗೊಂದು, ಪಂಚಾಯಿತಿಗೊಂದು ಕೊಟ್ಟಿದ್ದೆವು. ಎಲ್ಲರೂ ಒಂದೇ ಗುಂಪಿನಲ್ಲಿ. ಸಮನ್ವಯ ಅಂದರೆ ಇದೇ ಎಂದು ಎಲ್ಲರಿಗೂ ಅನ್ನಿಸಿತ್ತು.

ಆಮೇಲೆ ಮಳೆ ಬಂತು.

ರಸ್ತೆ ಕುಸಿದ ಜಾಗದಲ್ಲಿ ರಸ್ತೆ ಪಕ್ಕದ ಫೈಬರ್ ಕೇಬಲ್ಲೂ ಹೋಯಿತು. ಟವರ್ ಮಾತ್ರ ನಿಂತೇ ಇತ್ತು. ಸೆಟ್‌ನಲ್ಲಿ ಸಿಗ್ನಲ್ ಗೆರೆಗಳೂ ಕಾಣುತ್ತಿದ್ದವು. ಡೇಟಾ ಮಾತ್ರ ಹೋಗುತ್ತಿರಲಿಲ್ಲ. ಪೂರ್ತಿ ಸತ್ತಿದ್ದರೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು. ಇದು ಬದುಕಿರುವ ಹಾಗೆ ತೋರಿಸುತ್ತಲೇ ಇತ್ತು.

ಈ ಸೆಟ್‌ಗಳ ಗುಂಡಿ ಒತ್ತಿದ ತಕ್ಷಣ ಮಾತಾಡುವ ಹಾಗಿಲ್ಲ. ಒತ್ತಿದ ಮೇಲೆ ಸರ್ವರ್ ಅನುಮತಿ ಕೊಡಬೇಕು. ಕೊಟ್ಟರೆ ಒಂದು ಬೀಪ್. ಕೊಡದಿದ್ದರೆ ಇನ್ನೊಂದು ಥರದ ಬೀಪ್. ಮನೆಯೊಳಗೆ ಕೂತು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಧೋ ಅನ್ನುವ ಮಳೆಯಲ್ಲಿ, ಜೆಸಿಬಿ ಎಂಜಿನ್ ಪಕ್ಕ ನಿಂತು ಕೇಳಿ ನೋಡಿ. ಎರಡೂ ಒಂದೇ. ನಮ್ಮ ಜೆಸಿಬಿ ಹುಡುಗ ಗುಂಡಿ ಒತ್ತಿ ಹೇಳುತ್ತಲೇ ಇದ್ದ. ಆಚೆ ಕಡೆ ಮೋರಿ ಕಿತ್ತುಹೋಗಿದೆ, ಆಂಬುಲೆನ್ಸ್ ಈ ದಾರಿಯಲ್ಲಿ ಕಳಿಸಬೇಡಿ ಅಂತ. ಯಾರಿಗೂ ಕೇಳಲಿಲ್ಲ. ಆಂಬುಲೆನ್ಸ್ ಬಂದೇ ಬಂತು. ತಿರುಗಿಸಲು ಜಾಗ ಇಲ್ಲದೆ ಹಿಮ್ಮುಖವಾಗಿಯೇ ವಾಪಸ್ ಹೋಗಬೇಕಾಯಿತು. ಕೇಳಿದ್ದಕ್ಕೆ ಹುಡುಗ, ‘ಅಣ್ಣಾ, ಬೀಪ್ ಬಂತು, ಹೇಳ್ದೆ, ನೀವ್ಯಾರೂ ರಿಪ್ಲೈ ಕೊಡ್ಲಿಲ್ಲ’ ಅಂದ. ಅವನದೇನು ತಪ್ಪು?

ವಿಎಚ್‌ಎಫ್‌ನಲ್ಲೂ ಮಾತು ತಲುಪದೇ ಹೋಗಬಹುದು. ಆದರೆ ಅಲ್ಲಿ ತಲುಪಿಲ್ಲ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಅರ್ಧ ಮಾತು, ಅರ್ಧ ಗೊರಗೊರ. ‘ಮತ್ತೆ ಹೇಳಿ, ಓವರ್’ ಅನ್ನುತ್ತೇವೆ. ಎರಡು ಹೆಜ್ಜೆ ಆಚೆ ಹೋಗಿ ನಿಂತರೆ ಸರಿಯಾಗುವುದೂ ಉಂಟು. ಸಿಮ್ ಸೆಟ್‌ನಲ್ಲಿ ಹೆಜ್ಜೆ ಬದಲಿಸಿ ಪ್ರಯೋಜನ ಇಲ್ಲ. ಕೆಟ್ಟಿರುವುದು ಹತ್ತು ಕಿಲೋಮೀಟರ್ ಆಚೆಯ ಕೇಬಲ್ಲು.

ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇನ್ನೊಂದು. ಕುಸಿದ ರಸ್ತೆಯ ಈ ಬದಿ ಒಬ್ಬ, ಆ ಬದಿ ಒಬ್ಬ. ಕಣ್ಣಿಗೆ ಕಾಣುವಷ್ಟು ಹತ್ತಿರ. ಇಬ್ಬರ ಕೈಯಲ್ಲೂ ಸೆಟ್. ಆದರೂ ಮಾತಾಡುವ ಹಾಗಿಲ್ಲ, ಯಾಕೆಂದರೆ ಮಾತು ಎಲ್ಲೋ ಇರುವ ಸರ್ವರ್‌ಗೆ ಹೋಗಿಯೇ ಬರಬೇಕು. ಕೊನೆಗೆ ಟಾರ್ಚ್ ಬೀಸಿ, ಕೂಗಿ ಕೆಲಸ ಮಾಡಿದರು. ಎರಡು ಸಾಮಾನ್ಯ ವಾಕಿಟಾಕಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯಿತು. ಜನರೇಟರ್‌ಗೆ ಡೀಸೆಲ್ ಬೇಕು, ಡೀಸೆಲ್ ಬರುವ ದಾರಿ ಇದೇ ದಾರಿ.

ಮಾರಿದವನನ್ನು ಕೇಳಿದರೆ ‘ಎರಡು ಸಿಮ್ ಹಾಕಿ ಸಾರ್’ ಅಂದ. ನಮ್ಮ ಕಡೆ ಎರಡು ಕಂಪನಿಯ ಕೇಬಲ್ಲೂ ಒಂದೇ ರಸ್ತೆಯ ಪಕ್ಕದಲ್ಲಿ ಬರುತ್ತದೆ.

ಸ್ಯಾಟಲೈಟ್ ಫೋನ್ ನಮ್ಮದಲ್ಲ, ಸರ್ಕಾರಿ ಆಫೀಸಿನದು. ಭಾರತದಲ್ಲಿ ಅನುಮತಿ ಇರುವುದು ಬಿಎಸ್‌ಎನ್‌ಎಲ್ ಮೂಲಕ ಬರುವ ಇನ್ಮಾರ್‌ಸ್ಯಾಟ್ ಫೋನ್‌ಗೆ. ತುರಾಯಾ, ಇರಿಡಿಯಂ ಎಂಬ ಬೇರೆ ಕಂಪನಿಗಳ ಸೆಟ್‌ಗಳನ್ನು ವಿದೇಶದಿಂದ ತಂದು ಅನುಮತಿ ಇಲ್ಲದೆ ಬಳಸಿದರೆ ಅಪರಾಧ. ಪ್ರವಾಸಿಗರು ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹೊರಜಗತ್ತಿಗೆ ಮಾತು ಮುಟ್ಟಿಸಲು ಇದಕ್ಕಿಂತ ಗಟ್ಟಿ ಸಾಧನ ಇಲ್ಲ, ಅದನ್ನು ಒಪ್ಪುತ್ತೇನೆ. ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಜಗ್ಗುವುದು ಮರಕ್ಕೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ, ಫೋನಿಗೆ ಬರಿಯ ಆಕಾಶ ಬೇಕು. ಕಾಫಿ ತೋಟದ ನೆರಳಿನಲ್ಲಿ ಆಂಟೆನಾ ಬಿಡಿಸಿ ಹಿಡಿದರೆ ಸುಮ್ನೆ ಕೈ ನೋವು. ಮಾತು ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಅದು ಒಬ್ಬರಿಂದ ಒಬ್ಬರಿಗೆ ಮಾಡುವ ಫೋನು. ಐದು ಇಲಾಖೆಗೆ ಒಂದು ಸುದ್ದಿ ಹೇಳಬೇಕಾದರೆ ಐದು ಕಾಲ್, ಐದು ಬಿಲ್, ಐವರ ಹತ್ತಿರವೂ ಫೋನ್ ಬೇಕು.

ಡಿಎಂಆರ್ ಸೆಟ್, ಅಂದರೆ ಮಾತನ್ನು ಡಿಜಿಟಲ್ ಆಗಿ ಕಳಿಸುವ ವಾಕಿಟಾಕಿ: ಸಿಗ್ನಲ್ ಇರುವ ತನಕ ಗಾಜಿನಷ್ಟು ಸ್ವಚ್ಛ ಧ್ವನಿ, ತಪ್ಪಿದರೆ ಗಪ್‌ಚಿಪ್. ಕಲರ್ ಕೋಡ್, ಟೈಮ್ ಸ್ಲಾಟ್, ಟಾಕ್ ಗ್ರೂಪ್ ಎಂಬ ಮೂರು ಸೆಟ್ಟಿಂಗೂ ಸರಿ ಇರಬೇಕು. ಹೊಸಬರ ಕೈಗೆ ಕೊಡುವ ವಸ್ತು ಅಲ್ಲ.

ವಾಟ್ಸಾಪ್ ಗುಂಪು: ಹಿಂದಿನ ವರ್ಷದ ವಿಡಿಯೋ ಈ ವರ್ಷದ್ದು ಅಂತ ಬರುತ್ತದೆ. ಮುಂದಕ್ಕೆ.

ಒಂದು ಅಣಕು ಕಾರ್ಯಾಚರಣೆಯಲ್ಲಿ ಇಲಾಖೆಗಳ ವೈರ್‌ಲೆಸ್‌ಗಳನ್ನೇ ಒಂದಕ್ಕೊಂದು ಜೋಡಿಸುವ ಗೇಟ್‌ವೇ ಪೆಟ್ಟಿಗೆ ನೋಡಿದೆ. ಒಂದು ಕಡೆ ಪೊಲೀಸ್ ಸೆಟ್, ಇನ್ನೊಂದು ಕಡೆ ಅಗ್ನಿಶಾಮಕದ ಸೆಟ್, ಇಲ್ಲಿ ಬಂದ ಮಾತು ಅಲ್ಲಿ ಹೊರಡುತ್ತದೆ. ಕಾಗದದ ಮೇಲೆ ಇದೇ ಸರಿಯಾದ ಉತ್ತರ. ಆದರೆ ಎರಡು ಕಡೆಯ ಗಲಾಟೆ ಒಂದೇ ಆಗಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಗೊತ್ತಾಗಲಿಲ್ಲ. ಹತ್ತು ನಿಮಿಷದಲ್ಲಿ ಒಬ್ಬ ಅಧಿಕಾರಿ ತಮ್ಮ ಸೆಟ್‌ನ ವಾಲ್ಯೂಮ್ ಇಳಿಸಿಬಿಟ್ಟರು. ಪೆಟ್ಟಿಗೆಯ ಬೆಲೆ ನಮ್ಮ ಸಮಿತಿಯ ಕನಸಿಗೂ ಮೀರಿದ್ದು, ಆ ಮಾತು ಬೇರೆ.

ಇನ್ನು ನನ್ನ ಮೆಚ್ಚಿನ ವಿಎಚ್‌ಎಫ್. ಭಾರತದಲ್ಲಿ ಹ್ಯಾಮ್‌ಗಳಿಗೆ ಎರಡು ಮೀಟರ್ ಎಂದು ಕರೆಯುವ ವಿಎಚ್‌ಎಫ್ ಬ್ಯಾಂಡಿನಲ್ಲಿ 144ರಿಂದ 146 ಮೆಗಾಹರ್ಟ್ಸ್ ಇದೆ. ಐದು ವ್ಯಾಟ್‌ನ ಕೈಸೆಟ್ ಕಣಿವೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋದರೆ ದೊಡ್ಡದು. ಅದಕ್ಕೇ ಎತ್ತರದ ತೋಟವೊಂದರಲ್ಲಿ ಕಾರ್ ಬ್ಯಾಟರಿಗೆ ಒಂದು ದೊಡ್ಡ ಸೆಟ್ ಜೋಡಿಸಿ, ಸಿಲ್ವರ್ ಓಕ್ ಮರಕ್ಕೆ ಆಂಟೆನಾ ಏರಿಸುತ್ತೇವೆ. ಅಲ್ಲಿ ಕೂತವನು ಎಲ್ಲರ ಮಾತೂ ಕೇಳಿ ದಾಟಿಸುತ್ತಾನೆ. ಆಂಟೆನಾ ಏರಿಸಲು ಅಡಿಕೆ ಕೊಯ್ಯುವ ದೋಟಿ ಬಳಸುವವರಿಗೆ ಒಂದು ಮಾತು: ಈಗಿನ ಕಾರ್ಬನ್ ಫೈಬರ್ ದೋಟಿ ಬೇಡ. ಅದು ವಿದ್ಯುತ್ ಹರಿಸುವ ವಸ್ತು, ಆಂಟೆನಾದ ಟ್ಯೂನಿಂಗ್ ಕೆಡುತ್ತದೆ. ಕರೆಂಟ್ ತಂತಿ ಹತ್ತಿರ ಇದ್ದರೆ ಜೀವಕ್ಕೂ ಅಪಾಯ. ಒಣ ಬಿದಿರು ಸಾಕು.

ಕೆಳಗೆ, ತಹಶೀಲ್ದಾರರ ಪಕ್ಕ ಒಬ್ಬ ಹ್ಯಾಮ್. ಅಗ್ನಿಶಾಮಕದ ಗಾಡಿ ಹತ್ತಿರ ಒಬ್ಬ. ಆಸ್ಪತ್ರೆಯಲ್ಲಿ ಒಬ್ಬ. ಫಾರೆಸ್ಟಿನವರ ಜೊತೆ ಒಬ್ಬ. ಇಲಾಖೆಗಳ ಸೆಟ್ ಮುಟ್ಟುವುದಿಲ್ಲ, ಅವರ ಫ್ರೀಕ್ವೆನ್ಸಿಗೆ ಹೋಗುವುದಿಲ್ಲ. ಫಾರೆಸ್ಟರ್ ತಮ್ಮ ವೈರ್‌ಲೆಸ್‌ನಲ್ಲಿ ಕೇಳಿದ್ದನ್ನು ಪಕ್ಕದ ಹ್ಯಾಮ್‌ಗೆ ಹೇಳುತ್ತಾರೆ. ಅವನು ಚೀಟಿಯಲ್ಲಿ ಬರೆದುಕೊಂಡು ನಮ್ಮ ಸೆಟ್‌ನಲ್ಲಿ ಕಳಿಸುತ್ತಾನೆ. ಗಂಟೆ, ಯಾರಿಂದ, ಯಾರಿಗೆ, ಏನು. ನಿಧಾನ ಅನ್ನಿಸುತ್ತದೆ, ಅಲ್ವಾ? ಆದರೆ ಬೇಕಾದ ಮಾತು ಬೇಕಾದವರಿಗೆ ಮಾತ್ರ ಹೋಗುತ್ತದೆ. ಸಂಜೆ ‘ರಸ್ತೆ ಬಂದ್ ಅಂತ ಯಾರು ಯಾವಾಗ ಹೇಳಿದ್ದು’ ಎಂದು ಜಗಳ ಬಂದಾಗ ಚೀಟಿ ಇರುತ್ತದೆ.

ಭಾಷೆ ಇನ್ನೊಂದು ಲಾಭ. ನಮ್ಮ ರಾಜ್ಯ ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್‌ನ 10ನೇ ಬೆಟಾಲಿಯನ್ನಿನ ವ್ಯಾಪ್ತಿಗೆ ಬರುತ್ತದೆ, ಅದರ ಕೇಂದ್ರ ಆಂಧ್ರದಲ್ಲಿ. ಅವರು ತೆಲುಗು, ಹಿಂದಿ ಮಾತಾಡುತ್ತಾರೆ. ಊರಿನವರು ಕನ್ನಡ, ತುಳು, ಬ್ಯಾರಿ. ಯಾವ ಗೇಟ್‌ವೇ ಪೆಟ್ಟಿಗೆಯೂ ‘ಆ ಹಳ್ಳದ ಆಚೆ, ಹಾಡ್ಯದ ಕೆಳಗೆ’ ಎಂಬುದನ್ನು ಹಿಂದಿಯಲ್ಲಿ ಹೇಳುವುದಿಲ್ಲ. ಪಕ್ಕದಲ್ಲಿ ಕೂತ ಮೇಷ್ಟ್ರು ಹೇಳುತ್ತಾರೆ. 2024ರ ಜುಲೈ 30ರ ವಯನಾಡ್ ಕುಸಿತದ ನಂತರ ಕಲ್ಪೆಟ್ಟದ ಕಲೆಕ್ಟರೇಟ್‌ನಲ್ಲಿ ಹ್ಯಾಮ್‌ಗಳು ಕೇಂದ್ರ ತೆರೆದು ಚೂರಲ್‌ಮಲ ಕಡೆಯ ಸುದ್ದಿ ದಾಟಿಸಿದ್ದು ಹೆಚ್ಚುಕಡಿಮೆ ಇದೇ ರೀತಿ.

ದೋಷ ಇಲ್ಲವೆಂದಲ್ಲ. ಜನ ಬೇಕು, ಅದೂ ಲೈಸೆನ್ಸ್ ಇರುವ ಜನ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು, ಕೆಳಗಿನ ದರ್ಜೆಗೆ ಮೋರ್ಸ್ (ಟೆಲಿಗ್ರಾಫಿನ ಕಟ್ಟ-ಕಡ ಸಂಕೇತ) ಬೇಕಿಲ್ಲ. ಆದರೆ ಪಾಸಾದ ಮೇಲೆ ಲೈಸೆನ್ಸ್ ಕೈಗೆ ಬರುವ ತನಕ ತಾಳ್ಮೆ ಬೇಕು. ಆನ್‌ಲೈನ್‌ನಲ್ಲಿ ಅಗ್ಗದ ಸೆಟ್ ತರಿಸಿ ಹಾಗೇ ಮಾತಾಡುವುದು ಕಾನೂನಿಗೆ ವಿರುದ್ಧ. 2025ರಲ್ಲಿ ವಾಕಿಟಾಕಿಗಳ ಆನ್‌ಲೈನ್ ಮಾರಾಟಕ್ಕೆ ಸರ್ಕಾರ ಮಾರ್ಗಸೂಚಿಯನ್ನೂ ತಂದಿದೆ. ಲೈಸೆನ್ಸ್ ಬೇಡದ್ದು ಬೇಕಾದರೆ 446 ಮೆಗಾಹರ್ಟ್ಸ್‌ನ ಅರ್ಧ ವ್ಯಾಟ್ ಸೆಟ್ ಇದೆ. ಕುಸಿದ ರಸ್ತೆಯ ಎರಡು ಬದಿಗೆ ಅಷ್ಟು ಸಾಕು. ಒಂದು ಜೊತೆ ಈಗ ನಮ್ಮ ಜೀಪಿನಲ್ಲೇ ಇರುತ್ತದೆ.

ಪಟ್ಟಣದಲ್ಲಿದ್ದು, ಕೇಬಲ್ ನಾಲ್ಕು ದಿಕ್ಕಿನಿಂದ ಬರುವ ಕಡೆ ಕೆಲಸ ಮಾಡುವವರಾದರೆ ಸಿಮ್ ಸೆಟ್ ಕೊಳ್ಳಿ, ಬೇಡ ಅನ್ನುವುದಿಲ್ಲ. ಜಿಲ್ಲಾ ಮಟ್ಟದವರಿಗೆ ಸ್ಯಾಟಲೈಟ್ ಫೋನ್ ಇರಲೇಬೇಕು. ನಮ್ಮಂಥ ತಾಲ್ಲೂಕಿಗೆ, ಬರೆದಿಡುವ ಅಭ್ಯಾಸ ಇರುವ ನಾಲ್ಕು ಜನ ಮತ್ತು ವಿಎಚ್‌ಎಫ್. ಒಂದು ಸಿಮ್ ಸೆಟ್‌ನ ವರ್ಷದ ರಿಚಾರ್ಜ್ ದುಡ್ಡಿಗೆ ಒಳ್ಳೇ ಆಂಟೆನಾ ಕೇಬಲ್ ಬರುತ್ತದೆ. ಈ ಸಲ ರಿಚಾರ್ಜ್ ಮಾಡಿಸಿಲ್ಲ. ತೇರಿಗೆ ಬೇಕು ಅನ್ನುವವರು ಜಾತ್ರೆ ಸಮಿತಿಯಿಂದ ಕಟ್ಟಿಸಿಕೊಳ್ಳಲಿ ಎಂದು ಹೇಳಿದ್ದೇವೆ.